ಅತ್ತೆಯ ಹಾಲು ಮತ್ತು ಒಂದು ಪೈಪು ಹಬೆ

ನನಗೆ ಮಾತು ಕಲಿಸಿದವಳು ನಮ್ಮ ಅತ್ತೆ, ಅಪ್ಪನ ತಂಗಿ. ಅವ್ವ ಹೊಲಕ್ಕೆ ಹೋದಾಗ ಅಣ್ಣನನ್ನೂ ನನ್ನನ್ನೂ ನೋಡಿಕೊಳ್ಳುತ್ತಿದ್ದವಳು ಅವಳೇ. ಎಮ್ಮೆಗೆ ಹುಲ್ಲು ಹಾಕುತ್ತಾ ಎಮ್ಮೆಯ ಜೊತೆ ಹರಟುವಳು, ಒಲೆ ಊದುತ್ತಾ ಒಲೆಯನ್ನೇ ಬೈಯುವಳು. ಅದನ್ನೆಲ್ಲ ಕೇಳಿಸಿಕೊಂಡೇ ನನ್ನ ನಾಲಿಗೆ ತಿರುಗಿದ್ದು. ಈಗ ಕಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವಾಗಲೂ ನಡುವೆ ಅವಳ ಮಾತೊಂದು ನುಸುಳಿ ಮಕ್ಕಳು ನಕ್ಕುಬಿಡುತ್ತಾರೆ. ನಗಲಿ ಬಿಡಿ, ನಕ್ಕ ಪಾಠ ಬೇಗ ಮರೆಯುವುದಿಲ್ಲ.

ಅತ್ತೆಯನ್ನು ಕೊಟ್ಟದ್ದು ಅಜ್ಜಂಪುರದಿಂದ ಆಚೆಗಿರುವ ಒಂದು ಹಳ್ಳಿಗೆ. ನಮ್ಮ ಮನೆತನದಲ್ಲಿ ಒಂದು ಪದ್ಧತಿಯುಂಟು. ಮನೆಯಲ್ಲಿ ಏನೇ ಶುಭಕಾರ್ಯವಾಗಲಿ, ಬೀಗರಿಗೆ ಕೊಡುವ ಮೊದಲ ಕಾಫಿಗೆ ಹಾಲು ಬರಬೇಕಾದದ್ದು ಹೊರಗೆ ಕೊಟ್ಟ ಹೆಣ್ಣುಮಗಳ ಮನೆಯಿಂದ. ಅದು ಕೊಂಡು ತರುವ ಹಾಲಲ್ಲ. ಅವಳು ತಂದು ಒಪ್ಪಿಸಬೇಕು, ಕಾರ್ಯ ಮುಗಿದ ಮೇಲೆ ನಾವು ಅವಳಿಗೆ ಸೀರೆ ಕೊಟ್ಟು ಮಡಿಲು ತುಂಬಬೇಕು. ಮಡಿಲು ತುಂಬದಿದ್ದರೆ ಕಾರ್ಯ ಪೂರ್ತಿಯಾಯಿತು ಎಂದು ನಮ್ಮ ಹಿರಿಯರು ಒಪ್ಪುತ್ತಿರಲಿಲ್ಲ. ಅಪ್ಪನ ಕಾಲದಿಂದ ಆ ಹಾಲು ತರುತ್ತಿದ್ದವಳು ಅತ್ತೆ. ಅವಳ ಎಮ್ಮೆಯ ಹಾಲೆಂದರೆ ಲೋಟದಿಂದ ಬಗ್ಗಿಸಿದರೆ ಲೋಟಕ್ಕೆ ಅಂಟಿಕೊಂಡೇ ಇಳಿಯಬೇಕು, ಅಂಥದ್ದು.

ಅಣ್ಣನ ಮಗಳ ನಿಶ್ಚಿತಾರ್ಥವನ್ನು ತರೀಕೆರೆಯ ಒಂದು ಛತ್ರದಲ್ಲಿ ಇಟ್ಟುಕೊಂಡೆವು. ಅಣ್ಣನ ತೋಟ, ಮನೆ, ಕುರಿ ಎಲ್ಲ ಯಗಟಿ ಕಡೆ. ಹುಡುಗನ ಮನೆಯವರು ಕೆಮ್ಮಣ್ಣುಗುಂಡಿಯ ತಪ್ಪಲಿನವರು. ಎಲ್ಲರಿಗೂ ನಡುವೆ ಆಗಲಿ ಎಂದು ತರೀಕೆರೆ. ಛತ್ರದವರು ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸಿ, ಹೊರಗೆ ಒಂದು ಬಾಯ್ಲರ್ ನಿಲ್ಲಿಸಿ, ಅಲ್ಲಿಂದ ಹಬೆಯ ಪೈಪು ಎಳೆಸಿದ್ದರು. ಅನ್ನ, ಇಡ್ಲಿ ಎಲ್ಲ ಹಬೆಯಲ್ಲೇ. ಅಡುಗೆಯವರಿಗೆ ಅದರ ಮೇಲೆ ವಿಪರೀತ ಹೆಮ್ಮೆ.

ಅತ್ತೆ ಬೆಳಿಗ್ಗೆಯೇ ಕ್ಯಾನು ಹೇರಿಕೊಂಡು ಗೂಡ್ಸ್ ಆಟೋದಲ್ಲಿ ಬಂದಿಳಿದಳು. ಹಾಲು ಒಪ್ಪಿಸಿ, ಕಾಲು ತೊಳೆದು, ಹೂವು ಕಟ್ಟಲು ಕೂತಳು. ಬೀಗರು ಹೇಳಿದ ಹೊತ್ತಿಗಿಂತ ತಡವಾಗಿ ಬಂದರು. ಕಾಫಿ ಹೋಯಿತು. ಒಂದು ಗುಟುಕು ಕುಡಿದ ಹುಡುಗನ ಸೋದರಮಾವ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, "ಏನ್ ಬೀಗ್ರೇ, ಭದ್ರಾ ನಾಲೇನ ಸೀದಾ ಕಾಫಿಗೇ ತಿರುಗ್ಸಿಬಿಟ್ಟಂಗೈತಲ್ಲ!" ಎಂದರು.

ಪಕ್ಕದಲ್ಲಿದ್ದವರು ಬಿಟ್ಟಾರೆಯೇ? "ಅಂತೂ ಈ ಸಲ ಕೊನೇ ಹಳ್ಳಿಗೂ ನೀರು ಬಂತು ಅನ್ನಿ."

ಜಗಲಿಯೆಲ್ಲ ನಕ್ಕಿತು. ಅವರದು ಬರೀ ತಮಾಷೆ. ಆದರೆ ಹೆಣ್ಣಿನ ತಂದೆಗೆ ಆ ದಿನ ತಮಾಷೆ ಎಲ್ಲಿ ತಮಾಷೆಯಾಗಿ ಕೇಳಿಸುತ್ತದೆ? ಅಣ್ಣ ಕೆಂಪಗಾಗಿ ಅಡುಗೆಮನೆಗೆ ನುಗ್ಗಿದ. ಹಿಂದೆಯೇ ನಾನು.

"ಹಾಲಿಗೆ ಎಷ್ಟು ನೀರು ಹುಯ್ದ್ರಿ?" ಎಂದು ಅಡುಗೆಯವರನ್ನು ಕೇಳಿದ.

"ಅನ್ನಪೂರ್ಣೆ ಆಣೆಗೂ ತೊಟ್ಟು ನೀರು ಬೆರೆಸಿಲ್ಲ ಕಣ್ರೀ. ಬಂದ ಹಾಲು ಬಂದಂಗೇ ಕಾಯ್ಸಿದೀನಿ. ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಅಣ್ಣ ತಿರುಗಿ ನೋಡಿದ. ಅತ್ತೆ ಬಾಗಿಲಲ್ಲೇ ಹೂವಿನ ದಾರ ಹಿಡಿದು ನಿಂತಿದ್ದಳು. ಅವನ ಬಾಯಿಂದ ಬರಬಾರದ ಮಾತು ಬಂದುಬಿಟ್ಟಿತು. "ದಿನಾ ಡೈರಿಗೆ ಹಾಕಿ ಹಾಕಿ ನಿಂಗೂ ನೀರು ಬೆರೆಸೋದು ಅಭ್ಯಾಸ ಆಗೋಯ್ತಾ ಅತ್ತೆ?"

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. "ನೀ ತೊಟ್ಲಾಗಿದ್ದಾಗ್ಲೂ ನಿಂಗೆ ಹಾಲು ಕುಡಿಸಿದ್ದು ಇದೇ ಕೈ ಕಣೋ. ಆವಾಗ ನಿಂಗೆ ನೀರು ಕಂಡಿರ್ನಿಲ್ಲ" ಎಂದಳು. ಹೂವನ್ನು ಮೊರದಲ್ಲಿಟ್ಟಳು, ಖಾಲಿ ಕ್ಯಾನುಗಳನ್ನು ಎರಡೂ ಕೈಗೆ ತೂಗಿಕೊಂಡಳು, ಹೋಗಿಯೇಬಿಟ್ಟಳು. ತಟ್ಟೆಯಲ್ಲಿ ಅವಳಿಗೆಂದು ಇಟ್ಟಿದ್ದ ಸೀರೆ, ಅಕ್ಕಿ, ಕೊಬ್ಬರಿ ಹಾಗೇ ಉಳಿದವು.

ನಿಶ್ಚಿತಾರ್ಥವೇನೋ ಚೆನ್ನಾಗಿಯೇ ಆಯಿತು. ಮದುವೆಗೆ ದಿನ ಗೊತ್ತಾಯಿತು. ಆದರೆ ಮದುವೆಗೆ ಅತ್ತೆ ಬರುತ್ತಾಳೋ ಇಲ್ಲವೋ ಎನ್ನುವುದೇ ನಮಗೆ ಚಿಂತೆ. ಫೋನು ಮಾಡಿದರೆ, "ನಾ ಬಂದ್ರೆ ನನ್ನ ಹಿಂದೇನೇ ನೀರೂ ಬತ್ತದೆ ಕಣಪ್ಪ. ನೀವ್ ನೀವೇ ಮಾಡ್ಕಳಿ" ಎಂದು ಇಟ್ಟುಬಿಡುವಳು. ಅಣ್ಣನನ್ನು ಕೇಳಿದರೆ, "ನಾನೂ ಕುಡಿದಿದ್ದೀನಿ ಆ ಕಾಫಿಯ. ನೀರಾಗಿತ್ತೋ ಇಲ್ವೋ ಹೇಳು" ಎನ್ನುವನು. ಕಾಫಿ ನಿಜಕ್ಕೂ ನೀರಾಗಿತ್ತು, ನಾನೂ ಕುಡಿದಿದ್ದೆ. ಅತ್ತೆ ನೀರು ಹಾಕುವವಳಲ್ಲ. ಅಡುಗೆಯವರು ಅನ್ನಪೂರ್ಣೆಯ ಮೇಲೆ ಸುಳ್ಳಾಣೆ ಇಡುವವರಲ್ಲ. ಹಾಗಾದರೆ ನೀರು ಬಂದದ್ದೆಲ್ಲಿಂದ?

ಮದುವೆಯ ಅಡುಗೆಯ ಮಾತಾಡಿಬರಲು ನಾನೂ ನನ್ನ ಹೆಂಡತಿಯೂ ಒಂದು ದಿನ ಅದೇ ಛತ್ರಕ್ಕೆ ಹೋದೆವು. ಅಲ್ಲಿ ಇನ್ಯಾರದೋ ಮನೆಯ ನಾಮಕರಣ ನಡೆದಿತ್ತು. ಅಡುಗೆಯವರು ನಮ್ಮನ್ನು ಕಂಡು, "ಬನ್ನಿ ಮೇಷ್ಟ್ರೇ, ಹಾಲು ಕಾಯ್ಸೋದನ್ನ ನೋಡಿ ಈಗ. ತಳ ಹಿಡಿಯೋ ಮಾತೇ ಇಲ್ಲ, ಸೌಟು ಆಡ್ಸೋ ಕೆಲಸಾನೂ ಇಲ್ಲ" ಎಂದು ಕರೆದರು. ಪೈಪಿನ ತುದಿಯನ್ನು ಹಾಲಿನ ಕೊಳಗದೊಳಗೆ ಅದ್ದಿ ನಲ್ಲಿ ತಿರುಗಿಸಿದರು. ಹಾಲು ಗರಗರ ಎಂದು ಸದ್ದು ಮಾಡಿತು. ನೋಡುತ್ತಿದ್ದ ಹಾಗೆಯೇ ಬಿಸಿಯಾಯಿತು.

ಮನೆಯಲ್ಲಿ ನನ್ನ ಹೆಂಡತಿ ಕಡುಬು ಬೇಯಿಸುವಾಗ ಪಾತ್ರೆಯ ಮುಚ್ಚಳಕ್ಕೆ ಬಟ್ಟೆ ಕಟ್ಟುತ್ತಾಳೆ. ಹಬೆ ಮುಚ್ಚಳಕ್ಕೆ ತಾಗಿ, ನೀರಾಗಿ, ಕಡುಬಿನ ಮೇಲೆ ತೊಟ್ಟಿಕ್ಕಬಾರದು ಎಂದು. ಅವಳು ಕೊಳಗದೊಳಗೆ ಇಣುಕಿ, "ಅಲ್ಲಾ ರೀ, ಇಷ್ಟು ಹಬೆ ಒಳಕ್ಕೆ ಹೋಗ್ತಾ ಐತೆ, ಮೇಲಕ್ಕೆ ಒಂಚೂರೂ ಬತ್ತಿಲ್ವಲ್ಲ. ಇಲ್ಲಿ ಬಟ್ಟೆ ಎಲ್ಲಿಗೆ ಕಟ್ಟೋದು?" ಎಂದಳು.

ತಮಾಷೆಗೆ ಅಂದಳೋ ನಿಜಕ್ಕೆ ಅಂದಳೋ, ನಾನು ಮಾತ್ರ ಕಂಬದ ಹಾಗೆ ನಿಂತೆ.

ಎಷ್ಟು ವರ್ಷದಿಂದ ಆ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿದ್ದೇನೆ! ನೂರು ಡಿಗ್ರಿಯ ಹಬೆ ನೀರಾಗಿ, ಆಮೇಲೆ ಇಂತಿಷ್ಟು ಡಿಗ್ರಿಗೆ ತಣಿದರೆ ಬಿಡುವ ಶಾಖ ಎಷ್ಟು? ಎರಡು ಹೆಜ್ಜೆಯ ಲೆಕ್ಕ. ಮಕ್ಕಳು ಯಾವಾಗಲೂ ಮೊದಲನೆಯದನ್ನು ನುಂಗಿಬಿಡುತ್ತಾರೆ. ಅದಕ್ಕೆ ನಾನೊಂದು ಕಥೆ ಕಟ್ಟಿದ್ದೆ. ಸಂತೆಯಿಂದ ಮೂಟೆ ಹೊತ್ತು ಬಂದವನು ಮೊದಲು ಬಾಗಿಲಲ್ಲಿ ಮೂಟೆ ಇಳಿಸುತ್ತಾನೆ, ಆಮೇಲೆ ಜಗಲಿಯಲ್ಲಿ ಕೂತು ಬೆವರು ಆರಿಸಿಕೊಳ್ಳುತ್ತಾನೆ. ಹಬೆಯೂ ಹಾಗೆಯೇ. ನೂರು ಡಿಗ್ರಿಯಲ್ಲೇ ನಿಂತು ನೀರಾಗುವಾಗ ಹೊತ್ತು ತಂದ ಶಾಖವನ್ನೆಲ್ಲ ಇಳಿಸುತ್ತದೆ, ಆಮೇಲೆ ನಿಧಾನಕ್ಕೆ ತಣಿಯುತ್ತದೆ. ಆರುವುದು ಸಣ್ಣ ಲೆಕ್ಕ, ಮೂಟೆಯೇ ದೊಡ್ಡದು ಎಂದು ಹೇಳಿ, ಉತ್ತರ ಬರೆಸಿ, ಗೆರೆ ಎಳೆಸಿ ಮುಗಿಸುತ್ತಿದ್ದೆ. ಮೂಟೆ ಇಳಿಸಿದವನು ಎಲ್ಲಿಗೂ ಹೋಗಲಿಲ್ಲ, ಅದೇ ಮನೆಯಲ್ಲಿ ಉಳಿದುಬಿಟ್ಟ ಎನ್ನುವುದನ್ನು ಒಬ್ಬ ಹುಡುಗನೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಬಾಯಲ್ಲೇ ಲೆಕ್ಕ ಹಾಕಿದೆ. ಹತ್ತು ಲೀಟರು ಹಾಲು ಎಂದಿಟ್ಟುಕೊಳ್ಳೋಣ. ಇಪ್ಪತ್ತೈದು ಡಿಗ್ರಿಯಿಂದ ತೊಂಬತ್ತಕ್ಕೆ ಏರಬೇಕು. ಹಾಲನ್ನು ಹೆಚ್ಚುಕಡಿಮೆ ನೀರೆಂದೇ ಹಿಡಿದರೆ ಬೇಕಾಗುವ ಶಾಖ ಆರುನೂರ ಐವತ್ತು ಕಿಲೊಕ್ಯಾಲೊರಿ. ಒಂದು ಕಿಲೊ ಹಬೆ ನೀರಾಗುವಾಗ ಇಳಿಸುವುದು ಐನೂರ ನಲವತ್ತು. ಆ ನೀರು ನೂರರಿಂದ ತೊಂಬತ್ತಕ್ಕೆ ತಣಿಯುವಾಗ ಇನ್ನೊಂದು ಹತ್ತು. ಒಟ್ಟು ಐನೂರ ಐವತ್ತು. ಆರುನೂರ ಐವತ್ತನ್ನು ಐನೂರ ಐವತ್ತರಿಂದ ಭಾಗಿಸಿದರೆ ಒಂದು ಕಿಲೊ, ಮೇಲೆ ಸ್ವಲ್ಪ. ಅಂದರೆ ಹತ್ತು ಲೀಟರು ಹಾಲು ಕಾಯಿಸಿದರೆ ಒಂದು ಲೀಟರಿಗೂ ಮೇಲೆ ನೀರು ಅದರೊಳಗೆ ಕೂತಿರುತ್ತದೆ. ಬೀಗರು ತಡವಾಗಿ ಬಂದಿದ್ದರು. ಹಾಲು ಆರಿದಾಗಲೆಲ್ಲ ಅಡುಗೆಯವರು ಮತ್ತೆ ಪೈಪು ಬಿಟ್ಟಿರುತ್ತಾರೆ, ಬಿಟ್ಟಾಗಲೆಲ್ಲ ಮತ್ತಷ್ಟು ನೀರು. ಯಾರೂ ಹುಯ್ಯಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ, ನೀರು ಮಾತ್ರ ಬಂತು!

ಬೀರೂರು ದಾಟುವಷ್ಟರಲ್ಲಿ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಒಬ್ಬನೇ ನಗುತ್ತಿದ್ದೆನೆಂದು ಕಾಣುತ್ತದೆ. "ಜನ ನೋಡ್ತಾವ್ರೆ, ಸುಮ್ಕೆ ಕೂತ್ಕಳಿ" ಎಂದು ಹೆಂಡತಿ ಮೊಣಕೈಯಿಂದ ತಿವಿದಳು.

ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಮನೆ ಸರಿಹೋದೀತೇ? ಯಗಟಿಗೆ ಹೋಗಿ ಅಣ್ಣನಿಗೆ ಹೇಳಿದೆ. ಅವನು ತೆಂಗಿನಕಾಯಿ ಸುಲಿಯುತ್ತಿದ್ದ. ಕೈ ನಿಲ್ಲಿಸದೆಯೇ ಕೇಳಿಸಿಕೊಂಡ.

"ಕಣ್ಣಿಗೇ ಕಾಣದಂಗಿರೋ ಹಬೆ ಒಂದು ಲೀಟರು ನೀರಾಗ್ತದಾ? ಅತ್ತೆ ಸಾಕಿದ ಮಗ ಅಲ್ವಾ ನೀನು, ಅವಳ ಕಡೆಗೇ ಲೆಕ್ಕ ಬತ್ತದೆ."

"ನಿನ್ನನ್ನೂ ಸಾಕಿದ್ದು ಅವಳೇ ಕಣೋ. ನೀರಿನಿಂದಲೇ ಬಿಸಿ ಮಾಡಿದ್ರೆ ಹತ್ತು ಲೀಟರು ಹಾಲಿಗೆ ಅರವತ್ತೈದು ಲೀಟರು ಕುದಿಯೋ ನೀರು ಹುಯ್ಯಬೇಕಿತ್ತು. ಹಬೆ ಆದ್ದರಿಂದ ಒಂದೇ ಲೀಟರಲ್ಲಿ ಮುಗೀತು."

"ಬೋರ್ಡ್ ಮೇಲೆ ಏನು ಬೇಕಾದ್ರೂ ಬರೀಬೋದು. ನನ್ನ ಕಣ್ಣಿಗೆ ತೋರ್ಸು, ಒಪ್ಕತೀನಿ" ಎಂದ. ಸಿಪ್ಪೆಯನ್ನು ದೂರ ಎಸೆದು, ತಗ್ಗಿದ ದನಿಯಲ್ಲಿ, "ತೋರ್ಸು. ತೋರ್ಸಿದ್ರೆ ನಂಗೂ ಒಳ್ಳೇದೇ" ಎಂದ. ಅವನಿಗೂ ನಿದ್ದೆ ಬರುತ್ತಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಅಜ್ಜಂಪುರದಲ್ಲಿ ಬಸ್ಸು ಬದಲಿಸಿ ಅತ್ತೆಯ ಹಳ್ಳಿಗೆ ಹೋದೆ. ಅವಳು ಕೊಟ್ಟಿಗೆಯಲ್ಲಿದ್ದಳು. ನನ್ನನ್ನು ನೋಡಿ ಎಮ್ಮೆಗೆ ಹೇಳಿದಳು: "ನೋಡೇ, ಮೇಷ್ಟ್ರು ಬಂದವ್ರೆ. ನಿನ್ನ ಕೆಚ್ಚಲಿಗೆ ಎಲ್ಲಿಂದ ನಲ್ಲಿ ಹಾಕ್ಸಿದೀವಿ ಅಂತ ನೋಡಾಕೆ."

"ಅತ್ತೆ, ನಂಗೆ ಹತ್ತು ಲೀಟರು ಹಾಲು ಬೇಕು."

"ನೀರು ಹಾಕಿರೋದಾ, ಹಾಕದೇ ಇರೋದಾ?"

ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ, ಮೂಟೆಯವನ ಕಥೆಯನ್ನೂ ಸೇರಿಸಿ. ಅವಳು ಎಲೆಗೆ ಸುಣ್ಣ ಸವರುತ್ತಾ ಕೇಳಿದಳು. ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ, ಅದೇ ಒಂದು ಆಶ್ಚರ್ಯ. ಮುಗಿದ ಮೇಲೆ, "ಹಂಗಾದ್ರೆ ಆ ಅಡುಗೆಯವನೂ ಸುಳ್ಳಾಡ್ಲಿಲ್ಲ ಅನ್ನು. ಪಾಪ, ಅವನ್ನ ಎಷ್ಟು ಬೈದ್ಕಂಡಿದ್ದೆ" ಎಂದಳು. ಆಮೇಲೆ ಗಟ್ಟಿಯಾಗಿ, "ಹಾಲು ಕೊಡ್ತೀನಿ. ಆದ್ರೆ ನಾನೂ ಜೊತೇಲಿ ಬತ್ತೀನಿ. ಕ್ಯಾನು ನನ್ನ ಕಣ್ಣು ತಪ್ಪಿ ಒಂದು ಗಳಿಗೇನೂ ಇರಬಾರ್ದು. ಆಮೇಲೆ ದಾರೀಲಿ ಬೆರೆಸಿದ ಅಂತ ನಿನ್ನ ತಲೇಗೆ ಕಟ್ಟಿಯಾನು ಅವನು."

ಮರುದಿನ ಹಾಲು ಕರೆದು, ತಣ್ಣಗಾಗಲು ಬಿಟ್ಟು, ಇಬ್ಬರೂ ಬಸ್ಸು ಹತ್ತಿದೆವು. ಅತ್ತೆ ಕ್ಯಾನನ್ನು ಕಾಲುಗಳ ನಡುವೆ ಇಟ್ಟುಕೊಂಡು ಮುಚ್ಚಳದ ಮೇಲೆ ಕೈಯೂರಿ ಕೂತಳು. ನಾನು ಫೋನು ಮಾಡಿ ಹೇಳಿದ್ದರಿಂದ ತರೀಕೆರೆಯ ಛತ್ರದಲ್ಲಿ ಅಣ್ಣ ಮೊದಲೇ ಬಂದು ನಿಂತಿದ್ದ. ಅವನ ಮುಖ ನೋಡದೆ ಅತ್ತೆ ನನಗೆ ಹೇಳಿದಳು: "ಅವ್ನಿಗೆ ಹೇಳು, ಹಾಲು ಮೂಸಿ, ಬೆರಳಲ್ಲಿ ಅದ್ದಿ ನೋಡ್ಕಳಕ್ಕೆ."

ಅಣ್ಣ ನನಗೆ ಹೇಳಿದ: "ನೋಡಿದೆ. ಗಟ್ಟಿಯಾಗೈತೆ ಅಂತ ಹೇಳು."

ಮೂರೇ ಮಾರು ದೂರದಲ್ಲಿ ನಿಂತ ಇಬ್ಬರ ನಡುವೆ ನಾನು ಪೋಸ್ಟ್‌ಮ್ಯಾನ್ ಆಗಿಬಿಟ್ಟೆ.

ಲೀಟರಿನ ಅಳತೆಯಿಂದ ಹತ್ತು ಸಲ ಅಳೆದು ಒಣ ಕೊಳಗಕ್ಕೆ ಸುರಿದೆವು. ಎಣಿಸಿದವನು ಅಣ್ಣ. ಅಡುಗೆಯವರು ಪೈಪು ತಂದರು. ನಲ್ಲಿ ತಿರುಗಿಸಿದ ಕೂಡಲೇ ಪೈಪಿನಲ್ಲಿ ನಿಂತಿದ್ದ ನೀರು ಪಚಕ್ಕನೆ ಚಿಮ್ಮಿತು. "ಏ ತಡಿಯಪ್ಪಾ, ಆ ನೀರ ಮೊದ್ಲು ಆಚೆ ಬಿಡು. ಆಮೇಲೆ ಅದನ್ನೂ ನನ್ನ ಎಮ್ಮೆ ಮೇಲೆ ಹಾಕ್ಬುಟ್ಟೀರ" ಎಂದಳು ಅತ್ತೆ. ಪೈಪಿನಿಂದ ಬರೀ ಹಬೆ ಬರತೊಡಗಿದ ಮೇಲೆಯೇ ಅದನ್ನು ಹಾಲಿಗೆ ಇಳಿಸಿದ್ದು. ಶಾಲೆಯಿಂದ ತಂದಿದ್ದ ಥರ್ಮಾಮೀಟರು ತೊಂಬತ್ತು ತೋರಿಸಿದಾಗ ನಿಲ್ಲಿಸಿದೆವು. ಹಾಲು ಮೇಲೆ ಬಂದದ್ದು ಕಣ್ಣಿಗೇ ಕಾಣುತ್ತಿತ್ತು. ಅಣ್ಣ ಬಗ್ಗಿ ನೋಡಿ ಹುಬ್ಬೇರಿಸಿದ.

"ಈಗ್ಲೇ ಅಳೀಬೇಡ. ಬಿಸಿ ಹಾಲು ಉಬ್ಬಿರ್ತದೆ. ಆರಿದ ಮೇಲೇನೇ ಅಳೀಬೇಕು" ಎಂದಳು ಅತ್ತೆ. ಗೆಲ್ಲುವ ಹೊತ್ತಿನಲ್ಲೂ ಒಂದು ಹನಿ ಪುಕ್ಕಟೆಯಾಗಿ ಬೇಡ ಅವಳಿಗೆ. ಕೊಳಗವನ್ನು ಮುಚ್ಚಿ ತಣ್ಣೀರಿನ ತೊಟ್ಟಿಯಲ್ಲಿ ಇಳಿಸಿಟ್ಟೆವು.

ಇನ್ನು ಹಾಲು ಆರಬೇಕು. ನಾನು ಮನಸ್ಸಿನಲ್ಲೇ ಲೆಕ್ಕವನ್ನು ಮತ್ತೆ ಮತ್ತೆ ಹಾಕಿದೆ. ಲೆಕ್ಕ ತಪ್ಪಿದರೆ? ಬಾಯ್ಲರಿನ ಹಬೆ ಪುಸ್ತಕದ ಹಬೆಯ ಹಾಗೆ ನಡೆದುಕೊಳ್ಳದಿದ್ದರೆ? ತಪ್ಪಿದರೆ ಅತ್ತೆಯ ಹೆಸರಿಗೆ ಹತ್ತಿದ್ದು ಇನ್ನೂ ಗಟ್ಟಿಯಾಗಿ ಹತ್ತುತ್ತಿತ್ತು, ಅದೂ ನನ್ನ ಕೈಯಿಂದ. ಅತ್ತೆ ತೊಟ್ಟಿಯ ಕಟ್ಟೆಯ ಮೇಲೆ ಕೂತು ಆಗಾಗ ಕೊಳಗದ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

ಕೊನೆಗೆ, "ಆಯ್ತು, ಅಳೀರಿ" ಎಂದಳು.

ಅಣ್ಣನೇ ಅಳೆದ. ನನ್ನ ಕೈಗೂ ಕೊಡಲಿಲ್ಲ, ಅಡುಗೆಯವರ ಕೈಗೂ ಕೊಡಲಿಲ್ಲ. ಒಂದೊಂದೇ ಲೀಟರು ಎತ್ತಿ ಬೇರೆ ಪಾತ್ರೆಗೆ ಸುರಿಯುತ್ತಾ ಬಾಯಿ ಬಿಟ್ಟು ಎಣಿಸಿದ. ಹತ್ತು ಎಂದ ಮೇಲೆ ಕೊಳಗದೊಳಗೆ ನೋಡಿದ. ಹಾಲು ಇನ್ನೂ ಇತ್ತು. ಕೊಳಗ ವಾಲಿಸಿ ಮತ್ತೊಂದು ಅಳತೆ ತುಂಬಿದ. ಅದು ತುಂಬಿ, ಅಂಚಿನವರೆಗೆ ಬಂದು, ಕೊಳಗದ ತಳದಲ್ಲಿ ಒಂದು ಲೋಟದಷ್ಟು ಹಾಲು ಉಳಿಯಿತು.

ಅಳತೆಯನ್ನು ಹಿಡಿದುಕೊಂಡು ಅಣ್ಣ ಹಾಗೆಯೇ ನಿಂತ. ಅಡುಗೆಯವರು ಬಾಯಿಯ ಮೇಲೆ ಕೈಯಿಟ್ಟುಕೊಂಡು, "ಅಯ್ಯಯ್ಯಪ್ಪಾ, ಅಂದ್ರೆ ಇಷ್ಟು ದಿನ ಎಷ್ಟು ಮದುವೆ ಕಾಫಿ ಹಾಳು ಮಾಡಿದೀನೋ ನಾನು!" ಎಂದರು.

ನಾನು ಹೋಗಿ ಅಕ್ಕಿ ಮೂಟೆಯ ಮೇಲೆ ಕೂತೆ. ಪರೀಕ್ಷೆ ಬರೆದು ಹೊರಗೆ ಬಂದ ಹುಡುಗರು ಏಕೆ ಅಷ್ಟು ಕೂಗಾಡುತ್ತಾರೆ ಎಂದು ಆ ದಿನ ನನಗೆ ಅರ್ಥವಾಯಿತು.

ಅಣ್ಣ ಅತ್ತೆಯ ಹತ್ತಿರ ಹೋದ. ಅಳತೆಯನ್ನು ಕೆಳಗಿಟ್ಟು, "ಮದುವೆಗೆ ಹಾಲು..." ಎಂದು ನಿಲ್ಲಿಸಿದ.

"ಏನು ಮದುವೆಗೆ ಹಾಲು?" ಈ ಸಲ ಅವಳು ನೇರ ಅವನನ್ನೇ ಕೇಳಿದಳು.

"ನೀನೇ ತರಬೇಕು ಅತ್ತೆ."

"ತತ್ತೀನಿ. ಆದ್ರೆ ಈ ಪೈಪನ್ನ ನನ್ನ ಹಾಲಿಗೆ ತೋರಿಸ್ಬಾರ್ದು."

ಅಡುಗೆಯವರು ನಡುವೆ ಬಂದು ಕೈ ಮುಗಿದರು. ದೊಡ್ಡ ಕೊಳಗದಲ್ಲಿ ನೀರು ತುಂಬಿ, ಅದರೊಳಗೆ ಹಾಲಿನ ಪಾತ್ರೆ ನಿಲ್ಲಿಸಿ, ಹಬೆಯನ್ನು ಹೊರಗಿನ ನೀರಿಗೆ ಬಿಡುವುದಾಗಿ ಹೇಳಿದರು. ಶಾಖ ಹಾಲಿಗೆ ಬರುತ್ತದೆ, ನೀರು ನೀರಿನಲ್ಲೇ ಉಳಿಯುತ್ತದೆ. ಅತ್ತೆ, "ಮೂಟೆ ಮಾತ್ರ ಮನೇಗೆ, ಹೊತ್ತವನು ಬಾಗಿಲಾಚೆಗೆ. ಹಂಗಾದ್ರೆ ಸರಿ" ಎಂದು ಒಪ್ಪಿದಳು. ನನ್ನ ಕಥೆಯನ್ನು ಅಷ್ಟು ಚೆನ್ನಾಗಿ ಮುಗಿಸಲು ನನಗೆ ಬಂದಿರಲಿಲ್ಲ. ಈಗ ತರಗತಿಯಲ್ಲಿ ಅವಳು ಹೇಳಿದ ಹಾಗೆಯೇ ಹೇಳುತ್ತೇನೆ.

ಉಳಿದದ್ದು ಅಳತೆ ಮಾಡಿದ ಆ ಹಾಲು. ಚೆಲ್ಲಲು ಅತ್ತೆ ಬಿಡಲಿಲ್ಲ. "ಯಾಕೆ ಚೆಲ್ಲೋದು? ಕಾಫಿ ಮಾಡಪ್ಪ, ಎಲ್ರೂ ಕುಡಿಯಾನ. ಅವತ್ತು ನಾನೊಬ್ಳೇ ಕುಡೀನಿಲ್ಲ." ನಿಶ್ಚಿತಾರ್ಥದ ದಿನ ಅಷ್ಟೆಲ್ಲ ರಂಪವಾದರೂ ಆ ಕಾಫಿಯ ರುಚಿ ಗೊತ್ತಿಲ್ಲದವಳು ಅವಳೊಬ್ಬಳೇ ಎಂದು ನಮಗೆ ಆಗ ಹೊಳೆದದ್ದು.

ಅಡುಗೆಯವರು ಹಬೆಯಿಂದಲೇ ಮತ್ತೆ ಬಿಸಿ ಮಾಡಿ ಕಾಫಿ ಬೆರೆಸಿ ತಂದರು. ಅಣ್ಣ ತಾನೇ ಲೋಟ ತೆಗೆದು ಅತ್ತೆಯ ಕೈಗೆ ಕೊಟ್ಟ. ಅವಳು ಒಂದು ಗುಟುಕು ಕುಡಿದು, ಬಾಯಲ್ಲಿ ಆಡಿಸಿ, ಮುಖ ಹಿಂಡಿ, "ಥೂ! ಇದೇನೋ ಇದು ಕಲಗಚ್ಚು! ಬೀಗ್ರು ಹೇಳಿದ್ರಲ್ಲಿ ಏನೂ ತಪ್ಪಿಲ್ಲ ಕಣ್ರೋ" ಎಂದಳು.

ಮೊದಲು ನಕ್ಕವಳು ಅವಳೇ. ಆಮೇಲೆ ಅಣ್ಣ ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ.

ಸಂಜೆ ಅಜ್ಜಂಪುರದ ಬಸ್ಸಿಗೆ ಅವಳನ್ನು ಹತ್ತಿಸಲು ಹೋದೆವು. ಖಾಲಿ ಕ್ಯಾನು ಅಣ್ಣನ ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ಒಂದು ಚೀಲ. ಅಂದು ತಟ್ಟೆಯಲ್ಲೇ ಉಳಿದಿದ್ದ ಸೀರೆ, ಅಕ್ಕಿ, ಕೊಬ್ಬರಿಯನ್ನು ಬರುವಾಗಲೇ ಜೊತೆಗೆ ತಂದಿದ್ದ, ಲೆಕ್ಕ ಯಾವ ಕಡೆಗಾದರೂ ಬರಲಿ ಎಂದು. ಬಸ್ಸು ಬಂತು. ಅತ್ತೆ ಹತ್ತಿ ಕೂತು ಕ್ಯಾನಿಗೆ ಕೈ ಚಾಚಿದಳು. ಅಣ್ಣ ಕೊಡಲಿಲ್ಲ. ತಾನೂ ಹತ್ತಿ, ಕ್ಯಾನನ್ನು ಕಾಲುಗಳ ನಡುವೆ ಇಟ್ಟುಕೊಂಡು ಅವಳ ಪಕ್ಕದಲ್ಲಿ ಕೂತುಬಿಟ್ಟ.

"ಎಲ್ಲಿಗೋ ನೀನು?"

"ನಿಮ್ಮೂರಿಗೆ. ಮಡಿಲು ತುಂಬೋದು ಬಸ್‌ಸ್ಟ್ಯಾಂಡಲ್ಲಿ ಆಯ್ತದಾ? ಮನೇಲಿ, ದೇವರ ಮುಂದೆ ಆಗ್ಬೇಕು."

"ನನ್ನ ಎಮ್ಮೆ ಹಾಯ್ತದೆ ನೋಡ್ಕ. ಅದಕ್ಕೆ ಇನ್ನೂ ಕೋಪ ಇಳಿದಿಲ್ಲ" ಎಂದಳು ಅತ್ತೆ, ಅವನಿಗೆ ಜಾಗ ಮಾಡಿಕೊಡಲು ಕಿಟಕಿಯ ಕಡೆಗೆ ಸರಿಯುತ್ತಾ.